ಮೇಣ ಕಟ್ಟುವ ಎಣ್ಣೆಗೆ ‘ಫ್ಲೋ ಇಂಪ್ರೂವರ್’: ಹಾಸನದ ಹಾಟ್‌ಮಿಕ್ಸ್ ಪ್ಲಾಂಟೊಂದರಲ್ಲಿ ಮೂರು ಲೋಡಿನ ಅನುಭವ

ಹಾಸನದ ಹೊರವಲಯದಲ್ಲಿ ನಾನು ನೋಡಿಕೊಳ್ಳುವ, ರಸ್ತೆಗೆ ಹಾಸುವ ಬಿಸಿ ಡಾಂಬರು ಮಿಶ್ರಣ ತಯಾರಿಸುವ ಹಾಟ್‌ಮಿಕ್ಸ್ ಪ್ಲಾಂಟಿಗೆ ಕಳೆದ ಡಿಸೆಂಬರಿನಲ್ಲಿ 20 ಲೀಟರಿನ ಒಂದು ಕ್ಯಾನ್ ಫ್ಲೋ ಇಂಪ್ರೂವರ್ ತರಿಸಿದೆವು. ಮೇಣದಂಶ ಹೆಚ್ಚಿರುವ ದಪ್ಪ ಎಣ್ಣೆ ಚಳಿಗೆ ಹೆಪ್ಪುಗಟ್ಟುವುದನ್ನು ತಡೆಯಲು ಹಾಕುವ ರಾಸಾಯನಿಕ ಇದು. ತಾಂತ್ರಿಕವಾಗಿ ಇದನ್ನು ಪೋರ್ ಪಾಯಿಂಟ್ ಡಿಪ್ರೆಸೆಂಟ್ ಎನ್ನುತ್ತಾರೆ; ಪೋರ್ ಪಾಯಿಂಟ್ ಎಂದರೆ ಎಣ್ಣೆ ಇನ್ನೂ ಹರಿಯಬಲ್ಲ ಅತಿ ಕಡಿಮೆ ಉಷ್ಣತೆ. ನಮ್ಮ ಹುಡುಗರು ‘ಕೆಮಿಕಲ್’ ಎಂದಷ್ಟೇ ಕರೆಯುತ್ತಾರೆ. ಲೀಟರಿಗೆ 380 ರೂಪಾಯಿಯಂತೆ ಕ್ಯಾನಿಗೆ 7,600 ರೂಪಾಯಿ ಬಿತ್ತು, ಸಾಗಣೆ ಬೇರೆ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದೇ ಬಗೆಯ ಪಾಲಿಮರ್ ದ್ರಾವಣವನ್ನು ಹಲವರು ಹಲವು ಹೆಸರುಗಳಲ್ಲಿ ಮಾರುತ್ತಾರೆ, ಮತ್ತು ನಾನು ಕಂಡ ಒಳಿತು ಕೆಡುಕುಗಳಲ್ಲಿ ಹೆಚ್ಚಿನವು ಒಂದು ಕ್ಯಾನಿನವಲ್ಲ, ಆ ಬಗೆಯವು.

ಜಲ್ಲಿಯನ್ನು ಒಣಗಿಸಿ 150 ಡಿಗ್ರಿ ದಾಟಿಸುವ ಡ್ರಯರ್ ಡ್ರಮ್ಮಿನ ಬರ್ನರ್‌ಗೆ ನಾವು ಸಾಮಾನ್ಯವಾಗಿ ಫರ್ನೇಸ್ ಆಯಿಲ್ ಎಂಬ ದಪ್ಪ ಇಂಧನ ತೈಲವನ್ನು ಉರಿಸುತ್ತೇವೆ. ಈ ಹಂಗಾಮಿನಲ್ಲಿ ಬೆಲೆಯ ಆಸೆಗೆ ಬಿದ್ದು, ಕರಾವಳಿ ಕಡೆಯ ವ್ಯಾಪಾರಿಯೊಬ್ಬರಿಂದ ಗಂಧಕ ಕಡಿಮೆ ಇರುವ, ಎಲ್‌ಎಸ್‌ಎಚ್‌ಎಸ್ (ಲೋ ಸಲ್ಫರ್ ಹೆವಿ ಸ್ಟಾಕ್) ಜಾತಿಯ ಎಣ್ಣೆಯನ್ನು ಕೊಂಡೆವು. ಮೇಣ ಹೆಚ್ಚಿರುವ ಕಚ್ಚಾ ತೈಲವನ್ನು ಶುದ್ಧೀಕರಿಸಿದ ಮೇಲೆ ತಳದಲ್ಲಿ ಉಳಿಯುವ ಭಾರದ ಭಾಗ ಅದು. ಉರಿಯುವುದರಲ್ಲಿ ದೋಷವಿಲ್ಲ, ಹೊಗೆಯಲ್ಲಿ ಗಂಧಕದ ಘಾಟು ಕಡಿಮೆ. ತೊಂದರೆಯೆಲ್ಲ ತಣ್ಣಗಾದ ಮೇಲೆ. ಶಿರಾಡಿ ಘಾಟಿಯ ಸಾಲಿನಲ್ಲಿ ಸಿಕ್ಕಿಕೊಂಡು ಸಕಲೇಶಪುರ ದಾಟಿ ರಾತ್ರಿ ಒಂಬತ್ತಕ್ಕೆ ಬಂದ ಟ್ಯಾಂಕರಿನಲ್ಲಿ ಎಣ್ಣೆ ಇನ್ನೂ 58 ಡಿಗ್ರಿ ಬಿಸಿಯಿತ್ತು, ಕಷಾಯದಂತೆ ಸಲೀಸಾಗಿ ಇಳಿಯಿತು. ಸುಮಾರು 970 ಮೀಟರ್ ಎತ್ತರದಲ್ಲಿರುವ ಹಾಸನದ ಡಿಸೆಂಬರ್ ರಾತ್ರಿಗೆ ಅದನ್ನು ಒಪ್ಪಿಸಿ ನಾವು ಮನೆಗೆ ಹೋದೆವು.

ಬೆಳಿಗ್ಗೆ ಆರಕ್ಕೆ ಆಪರೇಟರ್ ಫೋನ್ ಮಾಡಿ, “ಎಣ್ಣೆ ಗಡ್ಡೆ ಕಟ್ಕೊಂಡೈತೆ ಅಣ್ಣಾ, ಪಂಪು ಎಳೀತಿಲ್ಲ” ಎಂದ. ನಾನು ಹೋಗುವಷ್ಟರಲ್ಲಿ ಗೇರ್ ಪಂಪಿನ ಕಪ್ಲಿಂಗ್ ರಬ್ಬರ್ ಹರಿದಿತ್ತು. ಸ್ಟ್ರೈನರ್ ಬಿಚ್ಚಿದರೆ ಜಾಲರಿಯ ತುಂಬ ಬೂಟ್ ಪಾಲಿಶಿನಂತಹ ಕಪ್ಪು ಮುದ್ದೆ. ಏಳು ಟಿಪ್ಪರುಗಳು ಸಾಲಾಗಿ ನಿಂತಿದ್ದವು, ರಸ್ತೆಯ ಮೇಲೆ ಮಿಶ್ರಣ ಹಾಸುವ ಪೇವರ್ ಯಂತ್ರ ಕಾಯುತ್ತಿತ್ತು. ಕ್ಯಾನ್ ಹಿಂದಿನ ದಿನವೇ ಬಂದು ಶೆಡ್ಡಿನಲ್ಲಿ ಕುಳಿತಿದ್ದರಿಂದ ಅದೇ ನಮಗೆ ಸಂಜೀವಿನಿಯಂತೆ ಕಂಡಿತು. ಲೇಬಲ್ಲಿನಲ್ಲಿ ಬರೆದಿದ್ದ ಪ್ರಮಾಣ ಸಾವಿರ ಲೀಟರ್ ಎಣ್ಣೆಗೆ ಅರ್ಧ ಲೀಟರ್. 12,000 ಲೀಟರಿನ ಲೋಡಿಗೆ ಆರು ಲೀಟರ್ ಅಳೆದು ಟ್ಯಾಂಕಿನ ಮೇಲಿನ ಮ್ಯಾನ್‌ಹೋಲಿನಿಂದ ಸುರಿದೆವು. ಆ ದ್ರಾವಣವೂ ಚಳಿಗೆ ಜೇನಿನಂತೆ ಮಂದವಾಗಿದ್ದು ಹೆಪ್ಪಿನ ಮೇಲೆ ಹಾಗೆಯೇ ಹರಡಿಕೊಂಡು ನಿಂತಿತು. ಒಂದು ಗಂಟೆ ಕಾದೆವು, ಏನೂ ಆಗಲಿಲ್ಲ. ಮಾರಾಟಗಾರರಿಗೆ ಫೋನ್ ಮಾಡಿದಾಗ ಬಂದ ಉತ್ತರ, ಇನ್ನೂ ಆರು ಲೀಟರ್ ಹಾಕಿ ನೋಡಿ ಎಂಬುದು. ಪುಣ್ಯಕ್ಕೆ ಆ ಮಾತನ್ನು ಕೇಳಲಿಲ್ಲ. ಬಿಟುಮೆನ್ (ಡಾಂಬರು) ಟ್ಯಾಂಕನ್ನು ಬಿಸಿಯಾಗಿಡುವ ಥರ್ಮಿಕ್ ಹೀಟರಿನಲ್ಲಿ ಸುತ್ತುವ ಬಿಸಿ ಎಣ್ಣೆಯನ್ನು ಇಂಧನ ಟ್ಯಾಂಕಿನೊಳಗಿನ ಸುರುಳಿ ಕೊಳವೆಗೆ, ಅಂದರೆ ಕಾಯಿಲ್‌ಗೆ ತಿರುಗಿಸಿ, ಮಧ್ಯಾಹ್ನದವರೆಗೆ ಕಾಯಿಸಿ, ರಿಟರ್ನ್ ಲೈನಿನಲ್ಲಿ ಎಣ್ಣೆಯನ್ನು ಸುತ್ತು ಹೊಡೆಸಿ, ಅಂತೂ 70 ಡಿಗ್ರಿಗೆ ತಂದೆವು. ಆ ದಿನದ ಕೆಲಸ ಹೋಯಿತು.

ಮರುದಿನ ಬೆಳಿಗ್ಗೆ ಅದೇ ಟ್ಯಾಂಕು, ಅದೇ ಎಣ್ಣೆ, ಹಿಂದಿನ ದಿನ ಸುರಿದ ಅದೇ ಆರು ಲೀಟರು. ಚಳಿ ಎಳ್ಳಷ್ಟೂ ಕಡಿಮೆಯಿರಲಿಲ್ಲ. ಎಣ್ಣೆ ಮಾತ್ರ ಗಡ್ಡೆಯಾಗದೆ ಗಟ್ಟಿ ಮೊಸರಿನಂತೆ ನಿಂತಿತ್ತು, ಸ್ವಲ್ಪ ಬಿಸಿ ತಾಕಿಸಿದೊಡನೆ ಪಂಪಿಗೆ ಸಿಕ್ಕಿತು. ಈ ಸರಕಿನ ಒಳಿತೂ ಮಿತಿಯೂ ಈ ಎರಡು ಬೆಳಗುಗಳಲ್ಲಿಯೇ ಇವೆ. ಲೇಬಲ್ಲಿನಲ್ಲಿ ದಪ್ಪಕ್ಷರದಲ್ಲಿ ಇರಬೇಕಾಗಿದ್ದ ಮಾತೊಂದು ಅಲ್ಲಿ ಎಲ್ಲಿಯೂ ಇರಲಿಲ್ಲ: ಎಣ್ಣೆಯಲ್ಲಿರುವ ಮೇಣ ಪೂರ್ತಿ ಕರಗಿರುವಾಗ, ಅಂದರೆ ಎಣ್ಣೆ ಬಿಸಿಯಿರುವಾಗಲೇ ಇದನ್ನು ಬೆರೆಸಬೇಕು. ಹೆಪ್ಪುಗಟ್ಟಿದ ಮೇಲೆ ಹಾಕಿದರೆ ಅದು ಏನನ್ನೂ ಕರಗಿಸುವುದಿಲ್ಲ.

ಇದಕ್ಕೆ ಕಾರಣ ತಿಳಿಯಬೇಕಾದರೆ ತುಪ್ಪವನ್ನು ನೆನೆಯಬೇಕು. ಒಂದೇ ಬೆಣ್ಣೆಯಿಂದ ಕಾಯಿಸಿದ ತುಪ್ಪ ನಿಧಾನವಾಗಿ ಆರಿದರೆ ದೊಡ್ಡ ಹರಳು ಕಟ್ಟುತ್ತದೆ, ಬೇಗ ತಣಿಸಿದರೆ ನುಣ್ಣಗೆ ಹೆಪ್ಪಾಗುತ್ತದೆ. ವಸ್ತು ಬದಲಾಗಿಲ್ಲ, ಹರಳಿನ ಗಾತ್ರ ಮತ್ತು ಆಕಾರ ಬದಲಾಗಿವೆ. ತುಪ್ಪದಲ್ಲಿರುವುದು ಕೊಬ್ಬು, ಇಂಧನ ತೈಲದಲ್ಲಿರುವುದು ಪ್ಯಾರಾಫಿನ್ ಮೇಣ ಎಂಬ ಭೇದವಿದ್ದರೂ ಹೋಲಿಕೆ ಕೈಕೊಡುವುದಿಲ್ಲ. ಹದಿನೆಂಟಕ್ಕೂ ಹೆಚ್ಚು ಇಂಗಾಲದ ಪರಮಾಣುಗಳು ನೇರ ಸಾಲಿನಲ್ಲಿ ಜೋಡಿಸಿಕೊಂಡಿರುವ ಉದ್ದನೆಯ ಅಣುಗಳು, ಎಣ್ಣೆ ತಣ್ಣಗಾಗುತ್ತ ಬಂದಂತೆ ಒಂದರ ಪಕ್ಕ ಒಂದು ಒರಗಿ ತೆಳ್ಳನೆಯ ಹಾಳೆಗಳಾಗುತ್ತವೆ, ಹಾಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಎಣ್ಣೆಯನ್ನೆಲ್ಲ ತಮ್ಮ ಸಂದಿಗಳಲ್ಲಿ ಹಿಡಿದು ನಿಲ್ಲಿಸುತ್ತವೆ. ಇಡೀ ಎಣ್ಣೆ ಗಟ್ಟಿಯಾಗಲು ಇಡೀ ಎಣ್ಣೆ ಮೇಣವಾಗಿರಬೇಕಿಲ್ಲ; ನೂರರಲ್ಲಿ ಎರಡು ಪಾಲಿನಷ್ಟು ಮೇಣ ಹರಳುಗಟ್ಟಿದರೂ ಸಾಕು, ಉಳಿದ ತೊಂಬತ್ತೆಂಟು ಪಾಲು ಅದರ ಬಲೆಯಲ್ಲಿ ಸಿಕ್ಕಿ ನಿಲ್ಲಬಹುದು. ಎಥಿಲೀನ್ ವಿನೈಲ್ ಅಸಿಟೇಟ್, ಪಾಲಿಆಲ್ಕೈಲ್ ಅಕ್ರಿಲೇಟ್ ಮುಂತಾದ ಪಾಲಿಮರುಗಳು ಈ ಹರಳು ಹುಟ್ಟುವ ಹೊತ್ತಿನಲ್ಲಿ ಅದರೊಳಗೆ ತಾವೂ ಸೇರಿಕೊಳ್ಳುತ್ತವೆ. ಅವುಗಳ ಒಂದು ಭಾಗ ಮೇಣದಂತೆಯೇ ಇರುವುದರಿಂದ ಹರಳಿಗೆ ಅಂಟುತ್ತದೆ, ಇನ್ನೊಂದು ಭಾಗ ಅಡ್ಡ ಬಂದು ಮುಂದಿನ ಸಾಲು ನೆಟ್ಟಗೆ ಕೂರದಂತೆ ಮಾಡುತ್ತದೆ. ಹಾಳೆಯಾಗಬೇಕಾಗಿದ್ದದ್ದು ಸಣ್ಣ ಉಂಡೆಯಾಗುತ್ತದೆ, ಬಲೆ ನೇಯುವುದು ತಪ್ಪುತ್ತದೆ. ಮೇಣದ ಪ್ರಮಾಣ ಮೊದಲಿದ್ದಷ್ಟೇ ಇರುತ್ತದೆ. ಹರಳು ಹುಟ್ಟುವ ಮೊದಲೇ ಪಾಲಿಮರ್ ಅಲ್ಲಿರಬೇಕು ಎಂಬುದು ಇದರಿಂದ ತಾನಾಗಿ ಸ್ಪಷ್ಟವಾಗುತ್ತದೆ.

ನಮ್ಮ ಮೊದಲ ಅನುಭವದಲ್ಲಿ ಗೆದ್ದದ್ದು ಕೆಮಿಕಲ್ಲೋ, 70 ಡಿಗ್ರಿಗೆ ಕಾಯಿಸಿದ್ದೋ ಎಂಬ ಅನುಮಾನ ನನ್ನನ್ನು ಬಿಡಲಿಲ್ಲ. ಬರೀ ಕಾಯಿಸಿ ಹದವಾಗಿ ತಣಿಸುವುದರಿಂದಲೇ ಮೇಣದ ಎಣ್ಣೆಯ ಗುಣ ಸುಧಾರಿಸಬಲ್ಲದು. ಅಸ್ಸಾಮಿನ ನಹರಕಟಿಯಾದಿಂದ ಬಿಹಾರದ ಬರೌನಿಗೆ 1960ರ ದಶಕದಲ್ಲಿ ಹಾಕಿದ 1,157 ಕಿ.ಮೀ. ಉದ್ದದ ಕೊಳವೆ ಮಾರ್ಗಕ್ಕೆ ಕಚ್ಚಾ ತೈಲವನ್ನು ಬಿಡುವ ಮೊದಲು 95 ಡಿಗ್ರಿಗೂ ಮೇಲೆ ಕಾಯಿಸಿ, ನಿಗದಿತ ವೇಗದಲ್ಲಿ ತಣಿಸುವ ಪದ್ಧತಿಯೇ ಇತ್ತು. ಹಾಗಾಗಿ ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಿದೆ. ಪ್ರತಿ ಲೋಡ್ ಇಳಿಸುವಾಗಲೂ ಐದು ಲೀಟರ್ ಮಾದರಿ ತೆಗೆದಿಡುವುದು ನನ್ನ ಹಳೆಯ ಅಭ್ಯಾಸವಾದ್ದರಿಂದ ಕೆಮಿಕಲ್ ಸೋಕದ ಎಣ್ಣೆ ನನ್ನ ಬಳಿ ಇತ್ತು.

ಪ್ರಯೋಗಾಲಯದಲ್ಲಿ ಪೋರ್ ಪಾಯಿಂಟ್ ಅಳೆಯುವ ಕ್ರಮ ಬಹಳ ಸರಳ. ಎಣ್ಣೆಯನ್ನು ಕಾಯಿಸಿ, ಗಾಜಿನ ಜಾಡಿಯಲ್ಲಿ ತಣಿಸುತ್ತ, ಪ್ರತಿ ಮೂರು ಡಿಗ್ರಿಗೊಮ್ಮೆ ಓರೆ ಮಾಡಿ ನೋಡುತ್ತಾರೆ. ಜಾಡಿಯನ್ನು ಪೂರ್ತಿ ಅಡ್ಡ ಮಲಗಿಸಿದರೂ ಐದು ಸೆಕೆಂಡ್ ಎಣ್ಣೆ ಅಲುಗದಿದ್ದರೆ ಆ ಉಷ್ಣತೆಗೆ ಮೂರು ಡಿಗ್ರಿ ಕೂಡಿಸಿ ಬರೆದುಕೊಳ್ಳುತ್ತಾರೆ. ನಾನು ನಾಲ್ಕು ಉಪ್ಪಿನಕಾಯಿ ಬಾಟಲಿಗಳನ್ನು ತೊಳೆದು ಒಣಗಿಸಿದೆ. ಲೀಟರಿಗೆ ಅರ್ಧ ಮಿಲಿಲೀಟರ್ ಅಳೆಯಲು ಔಷಧಿ ಅಂಗಡಿಯ ಇನ್ಸುಲಿನ್ ಸಿರಿಂಜ್ ಸರಿಹೋಯಿತು, ನೂರರ ಗೆರೆಯವರೆಗೆ ಒಂದು ಮಿಲಿಲೀಟರ್ ಹಿಡಿಯುವ ಸಿರಿಂಜಿನಲ್ಲಿ ಐವತ್ತರ ಗೆರೆ. ಮೊದಲನೆಯದು ಬರಿಯ ಎಣ್ಣೆ. ಎರಡನೆಯದಕ್ಕೆ ಎಣ್ಣೆ 30 ಡಿಗ್ರಿಗೆ ಇಳಿದು ಗಟ್ಟಿಯಾದ ಮೇಲೆ ಕೆಮಿಕಲ್ ಹಾಕಿ ಕಡ್ಡಿಯಿಂದ ಕಲಕಿದೆ. ಮೂರನೆಯದಕ್ಕೆ 70 ಡಿಗ್ರಿ ಇರುವಾಗ ಅಷ್ಟೇ ಪ್ರಮಾಣ. ನಾಲ್ಕನೆಯದಕ್ಕೆ ಅದೇ ಬಿಸಿಯಲ್ಲಿ ಎರಡರಷ್ಟು. ಬಿಸಿನೀರಿನ ಬೋಗುಣಿಯಲ್ಲಿ ನಿಲ್ಲಿಸಿ ನಿಧಾನವಾಗಿ ತಣಿಸುತ್ತ ಓರೆ ಮಾಡುತ್ತ ಹೋದೆ. ಎಣ್ಣೆ ಕಪ್ಪಗಿರುವುದರಿಂದ ಮೇಣ ಮೊದಲು ಹರಳುಗಟ್ಟುವ ಗಳಿಗೆ ಕಣ್ಣಿಗೆ ಬೀಳುವುದಿಲ್ಲ, ನಿಂತ ಮೇಲೆಯೇ ಗೊತ್ತಾಗುವುದು.

ಬರಿಯ ಎಣ್ಣೆಯ ಪೋರ್ ಪಾಯಿಂಟ್ 36 ಡಿಗ್ರಿ ಬಂತು. ತಣ್ಣಗೆ ಹಾಕಿದ್ದರಲ್ಲಿಯೂ, ಮತ್ತೆ 40ರವರೆಗೆ ಮಾತ್ರ ಬೆಚ್ಚಗೆ ಮಾಡಿ ತಣಿಸಿ ನೋಡಿದರೆ, 36. ಬಿಸಿಯಲ್ಲಿ ಬೆರೆಸಿದ್ದು 24ಕ್ಕೆ ಇಳಿಯಿತು, ಎರಡರಷ್ಟು ಹಾಕಿದ್ದು 21ಕ್ಕೆ. ಇದು ಅಡುಗೆಮನೆಯ ಅಳತೆ, ಒಂದೆರಡು ಡಿಗ್ರಿ ಆಚೀಚೆ ಇರಬಹುದು. ಆದರೆ ಹನ್ನೆರಡು ಡಿಗ್ರಿಯ ಅಂತರ ಅಳತೆಯ ತಪ್ಪಲ್ಲ. ಪ್ರಮಾಣ ಎರಡರಷ್ಟಾದಾಗ ದೊರೆತ ಲಾಭ ಇನ್ನು ಮೂರೇ ಡಿಗ್ರಿ ಎಂಬುದನ್ನೂ ಗಮನಿಸಬೇಕು. ಆ ಮಾರಾಟಗಾರರು ‘ಇನ್ನೂ ಆರು ಲೀಟರ್ ಹಾಕಿ’ ಎಂದದ್ದಕ್ಕೆ ಇದೇ ನನ್ನ ಉತ್ತರ.

ಆ ರಾತ್ರಿ ನಾಲ್ಕೂ ಬಾಟಲಿಗಳನ್ನು ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ಇಟ್ಟೆ. ಬೆಳಿಗ್ಗೆ ಥರ್ಮಾಮೀಟರ್ 14 ತೋರಿಸುತ್ತಿತ್ತು, ನಾಲ್ಕೂ ನಿಂತಿದ್ದವು. ಅವು ನಿಂತ ರೀತಿಯಲ್ಲಿ ಮಾತ್ರ ವ್ಯತ್ಯಾಸವಿತ್ತು. ಬರಿಯ ಎಣ್ಣೆ ಹೊಳಪು ಕಳೆದುಕೊಂಡು, ಗಾಜಿನ ಅಂಚಿನಿಂದ ಕೂದಲೆಳೆಯಷ್ಟು ಬಿಟ್ಟುಕೊಂಡು, ಚುಚ್ಚಿದ ಚಮಚ ನೆಟ್ಟಗೆ ನಿಲ್ಲುವಷ್ಟು ಬಿಗಿಯಾಗಿತ್ತು. ಬಿಸಿಯಲ್ಲಿ ಕೆಮಿಕಲ್ ಸೇರಿಸಿದ್ದರ ಮೇಲ್ಮೈ ನುಣುಪಾಗಿ ಹೊಳೆಯುತ್ತಿತ್ತು. ಬಾಟಲಿಯ ತಳವನ್ನು ಅಂಗೈಯಿಂದ ಎರಡು ಸಲ ತಟ್ಟಿ ಬಗ್ಗಿಸಿದರೆ ಮುದ್ದೆಯಾಗಿ ಜಾರಿ ಬಾಯಿಯವರೆಗೆ ಬಂತು. ತಟ್ಟಲು ಬೇಕಾದ ಆ ಅಲ್ಪ ಬಲವೇ ಪ್ಲಾಂಟಿನಲ್ಲಿ ಪಂಪಿನ ಒತ್ತಡ. ಟ್ಯಾಂಕಿನಿಂದ ಬರ್ನರ್ ಪಂಪಿನವರೆಗೆ ನಮ್ಮಲ್ಲಿ ಹದಿನೆಂಟು ಮೀಟರ್ ಪೈಪ್ ಬರಿಮೈಯಲ್ಲಿದೆ, ಹೊದಿಕೆಯೂ ಇಲ್ಲ, ಬಿಸಿಯ ವ್ಯವಸ್ಥೆಯೂ ಇಲ್ಲ. ರಾತ್ರಿ ನಿಂತ ಎಣ್ಣೆ ಆ ಪೈಪಿನಲ್ಲಿ ಮೇಣದಬತ್ತಿಯಾದರೆ ಬ್ಲೋ ಲ್ಯಾಂಪ್ ಹಿಡಿದು ಕರಗಿಸಬೇಕು, ಮೊಸರಾದರೆ ಪಂಪೇ ತಳ್ಳುತ್ತದೆ.

ಎರಡನೆಯ ಮತ್ತು ಮೂರನೆಯ ಲೋಡಿಗೆ ಕ್ರಮ ಬದಲಿಸಿದೆವು. ಟ್ಯಾಂಕರ್ ಗೇಟಿನೊಳಗೆ ಬರುವ ಮೊದಲೇ ಆರು ಲೀಟರ್ ಕೆಮಿಕಲ್ಲನ್ನು ಬಿಸಿನೀರಿನಲ್ಲಿಟ್ಟು ತೆಳ್ಳಗೆ ಮಾಡಿ, ಅಷ್ಟೇ ಡೀಸೆಲ್ ಬೆರೆಸಿ ಸಿದ್ಧವಾಗಿಟ್ಟುಕೊಳ್ಳುತ್ತಿದ್ದೆವು. ಎಣ್ಣೆ ಇಳಿಯುವ ಮುಕ್ಕಾಲು ಗಂಟೆಯುದ್ದಕ್ಕೂ ಅದನ್ನು ಹರಿವಿನ ಬಾಯಿಗೆ ಸ್ವಲ್ಪ ಸ್ವಲ್ಪವೇ ಸುರಿಯುವುದು, ಆಮೇಲೆ ಕಾಯಿಲ್ ಬಿಟ್ಟು 70 ಡಿಗ್ರಿಗೆ ಏರಿಸಿ ಅರ್ಧ ಗಂಟೆ ಸುತ್ತು ಹೊಡೆಸುವುದು. ದ್ರಾವಣದಲ್ಲಿ ಬೇಗ ಹೊತ್ತಿಕೊಳ್ಳುವ ಆರೋಮ್ಯಾಟಿಕ್ ದ್ರಾವಕ ಇರುವುದರಿಂದ ನೇರ ಉರಿಯ ಹತ್ತಿರವೂ ಒಯ್ಯಬಾರದು, ಕೈಗವಸು ಬೇಕೇ ಬೇಕು. ನಮ್ಮ ಹುಡುಗನೊಬ್ಬ ಬರಿಗೈಯಲ್ಲಿ ಅಳೆದು ಎರಡು ದಿನ ಚರ್ಮ ಸುಲಿಸಿಕೊಂಡ. ಬ್ಯಾರಲ್ಲಿನ ಕೆಳಗೆ ಸೌದೆ ಉರಿ ಹಾಕಿ ಎಣ್ಣೆ ಕರಗಿಸುವ ಪ್ಲಾಂಟುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಫರ್ನೇಸ್ ಆಯಿಲ್ ಹೊತ್ತಿಕೊಳ್ಳುವ ಉಷ್ಣತೆಗೆ ಮಾನಕ ಸಂಸ್ಥೆ ಇಟ್ಟಿರುವ ಕನಿಷ್ಠ ಮಿತಿ 66 ಡಿಗ್ರಿ. ಸೌದೆ ಒಲೆಗೆ ಆ ಲೆಕ್ಕ ತಿಳಿಯುವುದಿಲ್ಲ.

ಮೂರನೆಯ ಲೋಡಿನಲ್ಲಿ ಇನ್ನೊಂದು ವಿಚಿತ್ರ ಎದುರಾಯಿತು. ರಾತ್ರಿ ಕಾವಲಿನವನು ಒಳ್ಳೆಯ ಮನಸ್ಸಿನಿಂದಲೇ ಕಾಯಿಲನ್ನು ಸ್ವಲ್ಪ ಹೊತ್ತು ಬಿಟ್ಟು ಎಣ್ಣೆಯನ್ನು 40 ಡಿಗ್ರಿಗೆ ತಂದು ನಿಲ್ಲಿಸಿದ್ದ. ಬೆಳಿಗ್ಗೆ ಅದು ಹಿಂದಿನ ದಿನಕ್ಕಿಂತ ಗಟ್ಟಿಯಾಗಿತ್ತು. ಅರ್ಧ ಕಾಯಿಸಿದಾಗ ಮೇಣದ ಒಂದು ಪಾಲು ಮಾತ್ರ ಕರಗಿ, ಉಳಿದ ಹರಳುಗಳ ಮೇಲೆ ಮತ್ತೆ ಕೂತು ಬೆಳೆಯುತ್ತದೆ. ಪಾಲಿಮರಿನ ಕೆಲಸ ಅಷ್ಟರಮಟ್ಟಿಗೆ ಕೆಡುತ್ತದೆ. ಕಾಯಿಸುವುದಾದರೆ ಪೂರ್ತಿ ಕಾಯಿಸಬೇಕು, ಇಲ್ಲವೇ ಬೆಳಿಗ್ಗೆ ಪಂಪ್ ಹಾಕುವವರೆಗೆ ಮುಟ್ಟದೆ ಬಿಡಬೇಕು. ಈ ಎಚ್ಚರಿಕೆಯೂ ಲೇಬಲ್ಲಿನಲ್ಲಿ ಇಲ್ಲ.

ಹಣದ ಲೆಕ್ಕ ಹೀಗಿದೆ. ಒಂದು ಲೋಡಿಗೆ ಆರು ಲೀಟರಿನಂತೆ 2,280 ರೂಪಾಯಿ. ಕೆಮಿಕಲ್ ಇಲ್ಲದಿದ್ದರೆ ಬೆಳಗಿನ ಮೂರು ಗಂಟೆಗೇ ಥರ್ಮಿಕ್ ಹೀಟರ್ ಹೊತ್ತಿಸಬೇಕಾಗಿತ್ತು, ಈಗ ಐದಕ್ಕೆ ಹೊತ್ತಿಸಿದರೆ ಸಾಕು. ಹೀಟರಿನ ಡೀಸೆಲ್ಲಿನಲ್ಲಿ ದಿನಕ್ಕೆ ಸುಮಾರು 15 ಲೀಟರ್ ಉಳಿಯುತ್ತದೆ ಎಂದು ನಮ್ಮ ರಿಜಿಸ್ಟರ್ ಹೇಳುತ್ತದೆ. ಒಂದು ಲೋಡ್ ಐದು ದಿನ ಬರುವುದರಿಂದ 75 ಲೀಟರ್. ಲೀಟರಿಗೆ 85 ರೂಪಾಯಿ ಹಿಡಿದರೂ 6,375 ರೂಪಾಯಿ. ಇಷ್ಟರಮಟ್ಟಿಗೆ ಈ ಸರಕು ತನ್ನ ಬೆಲೆಗಿಂತ ಹೆಚ್ಚು ದುಡಿದಿದೆ. ಮೊದಲ ದಿನ ಹಾಳಾದ ಕೆಲಸವನ್ನು ನಾನು ಈ ಲೆಕ್ಕಕ್ಕೆ ಸೇರಿಸಿಲ್ಲ, ಸೇರಿಸಿದರೆ ಚಿತ್ರ ಬೇರೆಯಾಗುತ್ತದೆ.

ಲೇಬಲ್ಲಿನ ಮೇಲಿರುವ ‘ಯಾವುದೇ ದಪ್ಪ ಎಣ್ಣೆಗೆ’ ಎಂಬ ಮಾತಿಗೆ ನನ್ನ ಆಕ್ಷೇಪಣೆಯಿದೆ. ನಾಲ್ಕನೆಯ ಲೋಡಿಗೆ ನಾವು ಮರಳಿ ಫರ್ನೇಸ್ ಆಯಿಲಿಗೆ ಬಂದೆವು, ಅದರ ಮೇಲೂ ಬಾಟಲಿ ಪರೀಕ್ಷೆ ಮಾಡಿದೆ. ಕೆಮಿಕಲ್ ಹಾಕಿದ್ದಕ್ಕೂ ಹಾಕದಿದ್ದಕ್ಕೂ ಕೂದಲಿನಷ್ಟೂ ವ್ಯತ್ಯಾಸವಿಲ್ಲ. 14 ಡಿಗ್ರಿಯಲ್ಲಿ ಎರಡೂ ಹರಿಯುತ್ತಿದ್ದವು, ಎರಡೂ ಜೋನಿಬೆಲ್ಲದಂತೆ ಮಂದವಾಗಿದ್ದವು. ನಮಗೆ ಬರುವ ಫರ್ನೇಸ್ ಆಯಿಲಿನ ದಪ್ಪಕ್ಕೆ ಮುಖ್ಯ ಕಾರಣ ಮೇಣವಲ್ಲ, ಆಸ್ಫಾಲ್ಟೀನ್ ಮತ್ತು ರಾಳಗಳೆಂಬ ಭಾರದ ಅಣುಗಳು. ನಮ್ಮಲ್ಲಿ ಮಧ್ಯಮ ದರ್ಜೆಯ ಫರ್ನೇಸ್ ಆಯಿಲಿಗೆ 50 ಡಿಗ್ರಿಯಲ್ಲಿ 180 ಸೆಂಟಿಸ್ಟೋಕ್‌ವರೆಗೆ ಸ್ನಿಗ್ಧತೆ ಇರಬಹುದು. ಹಾಸನದ ಬೆಳಗಿನ ಚಳಿಗೆ ಅದು ಹತ್ತಾರು ಪಟ್ಟು ಏರುತ್ತದೆ. ಅಲ್ಲಿ ಒಡೆಯಲು ಹರಳಿನ ಬಲೆಯೇ ಇಲ್ಲದ ಮೇಲೆ ಹರಳಿನ ಆಕಾರ ಬದಲಿಸುವ ಪಾಲಿಮರ್ ಏನು ಮಾಡೀತು? ಅಂತಹ ಎಣ್ಣೆಗೆ ಬಿಸಿಯೊಂದೇ ಮದ್ದು, ಇಲ್ಲವೇ ತೆಳುವಾದ ಎಣ್ಣೆಯ ಬೆರಕೆ. ಹಾಗೆಯೇ, ಬರ್ನರ್ ನಳಿಕೆಯಲ್ಲಿ ಎಣ್ಣೆ ಸಣ್ಣ ಹನಿಗಳಾಗಿ ಸಿಡಿಯಬೇಕಾದರೆ 100 ಡಿಗ್ರಿಯ ಆಸುಪಾಸಿಗೆ ಕಾಯಿಸುವ ಪ್ರೀಹೀಟರ್ ಎರಡೂ ಬಗೆಯ ಎಣ್ಣೆಗೆ ಬೇಕು. ಕೆಮಿಕಲ್ ಹಾಕಿದ್ದೇವೆಂದು ಅದನ್ನು ತಗ್ಗಿಸಿದ ನಮ್ಮ ಆಪರೇಟರ್ ಅರ್ಧ ದಿನ ಕಪ್ಪು ಹೊಗೆ ನುಂಗಿದ. ಟ್ಯಾಂಕು ಮತ್ತು ಪೈಪಿನವರೆಗೆ ಮಾತ್ರ ಇದರ ಅಧಿಕಾರ.

ದೊಡ್ಡವರೂ ಬಿಸಿಯನ್ನು ಬಿಟ್ಟಿಲ್ಲ. ರಾಜಸ್ಥಾನದ ಬಾಡಮೇರಿನಲ್ಲಿ 2004ರಲ್ಲಿ ಪತ್ತೆಯಾಗಿ 2009ರಲ್ಲಿ ಉತ್ಪಾದನೆ ಆರಂಭಿಸಿದ ಮಂಗಳಾ ನಿಕ್ಷೇಪದ ಮೇಣದ ತೈಲವನ್ನು ಗುಜರಾತಿನ ಕರಾವಳಿಗೆ ಒಯ್ಯುವ ಸುಮಾರು 670 ಕಿ.ಮೀ. ಕೊಳವೆಯನ್ನು ಉದ್ದಕ್ಕೂ ವಿದ್ಯುತ್ತಿನಿಂದ ಬಿಸಿಯಾಗಿಯೇ ಇಡಬೇಕಾಗಿದೆ. ಮಂಗಳೂರಿನಿಂದ ಘಟ್ಟ ಹತ್ತಿ ನಮ್ಮ ಹಾಸನದ ಮೂಲಕವೇ ಬೆಂಗಳೂರು ಬಳಿಯ ದೇವನಗೊಂದಿಗೆ ಹೋಗುವ ಕೊಳವೆಯಲ್ಲಿ ಹರಿಯುವುದು ಪೆಟ್ರೋಲ್, ಡೀಸೆಲ್‌ಗಳಂತಹ ತೆಳು ಸರಕಾದ್ದರಿಂದ ಅದಕ್ಕೆ ಈ ಪಾಡಿಲ್ಲ.

ಟಿಪ್ಪರ್ ಮಾಲೀಕರು ಕೆಲವರು ಬಂದು ತಮ್ಮ ಡೀಸೆಲ್ ಟ್ಯಾಂಕಿಗೂ ಸ್ವಲ್ಪ ಕೊಡಿ ಎಂದು ಕೇಳಿದರು. ಕೊಡಲಿಲ್ಲ. ಭಾರತೀಯ ಮಾನಕದಂತೆ ನವೆಂಬರಿನಿಂದ ಫೆಬ್ರವರಿಯವರೆಗೆ ಮಾರುವ ಡೀಸೆಲ್ಲಿನ ಪೋರ್ ಪಾಯಿಂಟ್ 3 ಡಿಗ್ರಿಯನ್ನೂ, ಫಿಲ್ಟರ್ ಕಟ್ಟಿಕೊಳ್ಳುವ ಉಷ್ಣತೆ 6 ಡಿಗ್ರಿಯನ್ನೂ ಮೀರುವಂತಿಲ್ಲ. ಬಾಬಾಬುಡನ್‌ಗಿರಿಯ ತಪ್ಪಲಿನ ತೋಟದವರಿಗೂ ಇಷ್ಟು ಸಾಕು. ಲಡಾಖಿನಂತಹ ಕಡೆಗೆ 2019ರಲ್ಲಿ ಇಂಡಿಯನ್ ಆಯಿಲ್ ಮೈನಸ್ 33 ಡಿಗ್ರಿಯ ಪೋರ್ ಪಾಯಿಂಟಿನ ಡೀಸೆಲ್ಲನ್ನೇ ಬೇರೆಯಾಗಿ ತಂದಿತು. ಚಳಿಗೆ ಇಲ್ಲಿ ಗಾಡಿ ಸ್ಟಾರ್ಟ್ ಆಗದಿದ್ದರೆ ಬ್ಯಾಟರಿಯನ್ನು ನೋಡಿಸುವುದು ಒಳ್ಳೆಯದು.

ಕೊಳ್ಳುವವರು ಮೊದಲು ತಮ್ಮ ಎಣ್ಣೆಯ ಒಂದು ಲೀಟರನ್ನು ಮಾರಾಟಗಾರರಿಗೆ ಕೊಟ್ಟು, ಹಾಕದೆ ಮತ್ತು ಹಾಕಿ ಪೋರ್ ಪಾಯಿಂಟ್ ಎಷ್ಟು ಬಂತೆಂದು ಬರಹದಲ್ಲಿ ಕೇಳಬೇಕು. ಕೊಡದಿದ್ದರೆ ಎರಡು ಬಾಟಲಿ ಮತ್ತು ಒಂದು ಸಿರಿಂಜ್ ಸಾಕು. ಮೇಣದ ಎಣ್ಣೆಗೆ, ಕಾಯಿಲ್ ಇರುವ ಟ್ಯಾಂಕಿಗೆ, ಬಿಸಿಯಲ್ಲಿ ಬೆರೆಸುವ ತಾಳ್ಮೆಯಿರುವವರಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಲೇಬಲ್ಲಿಗೆ ಒಂದು. ನಮ್ಮ ಕ್ಯಾನಿನ ತಳದಲ್ಲಿ ಇನ್ನೂ ಎರಡು ಲೀಟರಿಗೆ ಕಡಿಮೆ ಉಳಿದಿದೆ. ಟ್ಯಾಂಕಿನಲ್ಲಿ ಈಗ ಫರ್ನೇಸ್ ಆಯಿಲ್ ಇರುವುದರಿಂದ ಅದರ ಮುಚ್ಚಳ ತೆಗೆದಿಲ್ಲ.